ನಡೆಯಲು ಬಂದರೆ ಸಾಕೇ?

ನಡೆಯಲು ಬಂದರೆ ಸಾಕು, ಸ್ಕೀ ಮಾಡಲು ತಾನಾಗಿಯೇ ಬರುತ್ತದೆ ಎಂದು ಹಿಮದ ನಾಡಿನವರು ಹೊಸಬರಿಗೆ ಧೈರ್ಯ ತುಂಬುತ್ತಾರೆ. ಅವರ ಮಾತಿನಲ್ಲಿ ಕಪಟವಿಲ್ಲ, ಆದರೆ ನಿಜವೂ ಇಲ್ಲ. ಬಯಲು, ಕಾಡು, ದಿಣ್ಣೆಗಳ ಮೇಲೆ ಮೈಲಿಗಟ್ಟಲೆ ಸಾಗುವ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ನಡೆಯಲು ಬರುವುದೇ ದೊಡ್ಡ ತೊಡಕು ಎಂಬುದು ನನ್ನ ವಾದ. ಈಜು ಕಲಿಯಲು ನೀರಿಗಿಳಿದವನಿಗೆ ತನಗೇನೂ ಬಾರದೆಂಬ ಅರಿವಾದರೂ ಇರುತ್ತದೆ. ಕಾಲಿಗೆ ಸ್ಕೀ ಕಟ್ಟಿಕೊಂಡ ದೊಡ್ಡವನಿಗೆ ಆ ಭಾಗ್ಯವಿಲ್ಲ. ಅವನು ಹಾಲು ತರಲು ನಡೆದವನು, ಬಸ್ಸು ತಪ್ಪಿ ನಡೆದವನು, ಸಕ್ಕರೆ ಕಾಯಿಲೆಗೆ ಹೆದರಿ ಪಾರ್ಕು ಸುತ್ತಿದವನು. ನಲವತ್ತು ವರ್ಷದ ಆ ಅನುಭವವೆಲ್ಲ ಒಟ್ಟಾಗಿ ಅವನನ್ನು ಕೆಡವಲು ಕಾದಿರುತ್ತದೆ. ಸ್ಕೀ ಎಂಬ ಹೆಸರಾದರೂ ಪ್ರಾಮಾಣಿಕವಾಗಿದೆ: ಹಳೆಯ ನಾರ್ಸ್ ಭಾಷೆಯಲ್ಲಿ ಅದರ ಮೂಲಪದಕ್ಕೆ ಸೀಳಿದ ಕಟ್ಟಿಗೆ ಎಂದೇ ಅರ್ಥ. ಎರಡು ಸೌದೆಗಳ ಮೇಲೆ ನಿಂತು ಸಾಗಬೇಕೆಂದು ಮೊದಲೇ ಹೇಳಿದ್ದರೆ ಯಾರೂ ಮೋಸಹೋಗುತ್ತಿರಲಿಲ್ಲ.

ಈ ಹಲಗೆಯ ರಚನೆಯನ್ನೇ ನೋಡಿ. ಬೂಟಿನ ತುದಿ ಮಾತ್ರ ಅದಕ್ಕೆ ಬಿಗಿದಿರುತ್ತದೆ, ಹಿಮ್ಮಡಿ ಸ್ವತಂತ್ರ. ಹಲಗೆಯ ನಡುಭಾಗ ಬಿಲ್ಲಿನಂತೆ ಮೇಲಕ್ಕೆ ಬಾಗಿರುತ್ತದೆ. ಆ ಬಾಗಿನ ಅಡಿಗೆ ಹಿಮವನ್ನು ಹಿಡಿಯುವ ಮೇಣ, ಎರಡು ತುದಿಗಳಿಗೆ ಜಾರುವ ಮೇಣ. ಇಡೀ ಮೈಭಾರವನ್ನು ಒಂದೇ ಕಾಲಿಗೆ ಹಾಕಿ ಕೆಳಕ್ಕೆ ಒತ್ತಿದ ಕ್ಷಣದಲ್ಲಿ ಮಾತ್ರ ಬಿಲ್ಲು ಚಪ್ಪಟೆಯಾಗಿ ನಡುವಿನ ಮೇಣ ಹಿಮವನ್ನು ಹಿಡಿಯುತ್ತದೆ, ದೇಹ ಮುಂದಕ್ಕೆ ಚಿಮ್ಮುತ್ತದೆ. ಆಮೇಲೆ ಇನ್ನೊಂದು ಕಾಲಿನ ಮೇಲೆ, ಓಡುತ್ತಿರುವ ಹಲಗೆಯ ಮೇಲೆ, ಒಂಟಿಯಾಗಿ ನಿಂತು ಜಾರಬೇಕು. ಹೆದರಿದವನು ಮಾಡುವುದೇನು? ಎರಡೂ ಕಾಲಿಗೆ ಭಾರವನ್ನು ಸಮನಾಗಿ ಹಂಚುತ್ತಾನೆ. ಅತ್ತೆ ಸೊಸೆಯರ ನಡುವೆ ಇದು ಜಾಣತನ. ಇಲ್ಲಿ ಹಾಗೆ ಮಾಡಿದರೆ ಮೇಣ ಹಿಮವನ್ನು ಮುಟ್ಟುವುದೇ ಇಲ್ಲ, ಒದ್ದ ಕಾಲು ಹಿಂದಕ್ಕೆ ಜಾರಿ ಮನುಷ್ಯ ನಿಂತಲ್ಲೇ ನಡೆಯುತ್ತಿರುತ್ತಾನೆ. ಕುಣಿಯಲಾರದವಳು ನೆಲ ಡೊಂಕು ಎಂದಳು ಎಂಬ ನಮ್ಮ ಗಾದೆ ಈ ಆಟದಲ್ಲಿ ನಡೆಯುವುದಿಲ್ಲ ಎಂಬುದೊಂದು ಸಮಾಧಾನ. ಇಲ್ಲಿ ತಪ್ಪು ನಿಜಕ್ಕೂ ನೆಲದ್ದೇ ಇರಬಹುದು: ಹಿಮದ ಉಷ್ಣತೆಗೆ ತಕ್ಕಂತೆ ಮೇಣ ಬದಲಿಸಬೇಕು, ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಂತೂ ಪಳಗಿದವರೂ ತಬ್ಬಿಬ್ಬು. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ನಾರ್ವೆಯ ಘಟಾನುಘಟಿಗಳು ರಿಲೇ ಸೋತಾಗ ಇಡೀ ದೇಶ ಮೇಣದವರ ಮೇಲೆ ಹರಿಹಾಯ್ದಿತು. ಆದರೆ ಹೊಸಬನಿಗೆ ಆ ನೆಪವೂ ಸಿಗದು. ಅಡಿಯಲ್ಲಿ ಮೀನಿನ ಹುರುಪೆಯಂಥ ಕೆತ್ತನೆಯಿರುವ, ಮೇಣವೇ ಬೇಡದ ಹಲಗೆಯನ್ನು ಅವನಿಗೆ ಬಾಡಿಗೆಗೆ ಕೊಟ್ಟಿರುತ್ತಾರೆ.

ನಡಿಗೆ ಬೇಡ, ಓಟ ಬಲ್ಲವನಿಗಾದರೂ ಒಲಿಯದೇ ಎಂದು ಕೇಳಬಹುದು. ಕೆನ್ಯಾದ ಫಿಲಿಪ್ ಬೋಯಿಟ್ ಓಟಗಾರರ ನಾಡಿನ ಓಟಗಾರ. ಫಿನ್ಲೆಂಡಿನಲ್ಲಿ ತರಬೇತಿ ಪಡೆದು 1998ರ ನಾಗಾನೊ ಒಲಿಂಪಿಕ್ಸ್‌ನ 10 ಕಿಲೋಮೀಟರ್ ಸ್ಪರ್ಧೆಗೆ ಇಳಿದರು. ನಾರ್ವೆಯ ಬ್ಯೋರ್ನ್ ಡೇಲಿ 27 ನಿಮಿಷ ಚಿಲ್ಲರೆಯಲ್ಲಿ ಗೆದ್ದರು. ಬೋಯಿಟ್ ಕಟ್ಟಕಡೆಯವರಾಗಿ ಬಂದದ್ದು ಅದಾಗಿ 20 ನಿಮಿಷದ ಮೇಲೆ. ಡೇಲಿ ಅಷ್ಟು ಹೊತ್ತು ಕಾದು ನಿಂತು ಅವರನ್ನು ಅಪ್ಪಿಕೊಂಡರು, ಬೋಯಿಟ್ ಮುಂದೆ ಮಗನಿಗೆ ಡೇಲಿ ಎಂದೇ ಹೆಸರಿಟ್ಟರು. ಶ್ವಾಸಕೋಶ, ತೊಡೆ, ಛಲ ಎಲ್ಲ ಇದ್ದವರ ಗತಿಯೇ ಇದಾದರೆ, ಸಂಜೆಯ ವಾಕಿಂಗಿನವರ ಪಾಡೇನು? ಹಾಗಾದರೆ ನಾರ್ವೆಯವರಿಗೆ ಹೇಗೆ ಬಂತು? ತಾವು ಕಾಲಿಗೆ ಸ್ಕೀ ಕಟ್ಟಿಕೊಂಡೇ ಹುಟ್ಟಿದವರೆಂದು ಅವರು ಹೇಳಿಕೊಳ್ಳುವುದುಂಟು. ಹೆರಿಗೆ ಆಸ್ಪತ್ರೆಯವರು ಇದನ್ನು ಒಪ್ಪಲಾರರು. ನಾರ್ವೆಯವರೂ ಬಿದ್ದವರೇ, ಆದರೆ ಎರಡು ಮೂರು ವರ್ಷದ ವಯಸ್ಸಿನಲ್ಲಿ, ನೆಲಕ್ಕೆ ಎರಡು ಗೇಣು ದೂರವಿದ್ದಾಗ, ಮರೆಯಬೇಕಾದ ನಡಿಗೆ ಇನ್ನೂ ಸರಿಯಾಗಿ ಬಂದೇ ಇಲ್ಲದಾಗ.

ಬೆಟ್ಟದಿಂದ ಧುಮುಕುವ ಸ್ಕೀಯೇ ಹೆಚ್ಚು ಕಷ್ಟವಲ್ಲವೇ ಎಂಬುದು ಇನ್ನೊಂದು ಆಕ್ಷೇಪ. ಅಪಾಯ ಅಲ್ಲಿ ಹೆಚ್ಚು, ಒಪ್ಪುತ್ತೇನೆ. ಆದರೆ ಅಲ್ಲಿ ಹಿಮ್ಮಡಿಯನ್ನೂ ಬಿಗಿದಿರುತ್ತಾರೆ, ಹಲಗೆಗೆ ಉಕ್ಕಿನ ಅಂಚಿರುತ್ತದೆ, ಮೇಲಕ್ಕೆ ಒಯ್ಯಲು ಲಿಫ್ಟ್ ಇರುತ್ತದೆ. ಇಲ್ಲಿ ದಿಣ್ಣೆ ಹತ್ತಲು ಸ್ಕೀಗಳನ್ನು ಮೀನಿನ ಮುಳ್ಳಿನಂತೆ ಅಗಲಿಸಿಕೊಂಡು ಬಾತುಕೋಳಿಯ ಹೆಜ್ಜೆ ಹಾಕಬೇಕು. ಇಳಿಯುವಾಗ ಮುಂದಿನ ತುದಿಗಳನ್ನು ಹತ್ತಿರ ತಂದು, ಹಿಂದಿನವನ್ನು ಅಗಲಿಸಿ, ಅಂಚಿಲ್ಲದ ಹಲಗೆಗಳಿಂದ ವೇಗ ತಗ್ಗಿಸಬೇಕು. ತಗ್ಗದಿದ್ದರೆ ಕುಳಿತುಬಿಡುವುದೇ ನಂಬಿಕೆಯ ಬ್ರೇಕು. ಬಿದ್ದವರು ತಡಮಾಡದೆ ಜಾಡು ಬಿಟ್ಟು ಸರಿಯಬೇಕೆಂದು ಅಂತರರಾಷ್ಟ್ರೀಯ ಸ್ಕೀ ಮತ್ತು ಸ್ನೋಬೋರ್ಡ್ ಒಕ್ಕೂಟದ ನಡವಳಿಕೆಯ ನಿಯಮವೇ ಹೇಳುತ್ತದೆ. ಬೀಳುವುದನ್ನು ಮೊದಲೇ ಎಣಿಸಿಟ್ಟ ಇಂಥ ನಿಯಮ ಪಾದಚಾರಿಗಳಿಗೆ ಎಲ್ಲಾದರೂ ಇದೆಯೇ? ತಡಮಾಡದೆ ಎಂಬುದು ಬರೆದವರ ಆಶಾವಾದ. ಬೆನ್ನ ಮೇಲೆ ಬಿದ್ದ ಜೀರುಂಡೆಯಂತೆ ಕಾಲುಗಳನ್ನು ಆಕಾಶಕ್ಕೆತ್ತಿ, ತೊಡರಿದ ಸ್ಕೀಗಳನ್ನು ಬಿಡಿಸಿ, ಇಳಿಜಾರಿಗೆ ಅಡ್ಡಲಾಗಿ ಜೋಡಿಸಿಟ್ಟು, ಮಂಡಿಯೂರಿ ಏಳುವಷ್ಟರಲ್ಲಿ ಹಿಂದಿನಿಂದ ಬಂದ ಅಜ್ಜಿಯೊಬ್ಬರು ಮುಂದಿನ ತಿರುವು ದಾಟಿರುತ್ತಾರೆ.

ಇದರಿಂದ ದೊಡ್ಡವರಿಗೆ ಈ ವಿದ್ಯೆ ಬಾರದೆಂದು ತಿಳಿಯಬೇಕಿಲ್ಲ. ಹಿಮವೇ ಬೀಳದ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಗುಲ್ಮಾರ್ಗ್‌ನ ಚಳಿಗಾಲದ ಕ್ರೀಡೆಗಳಲ್ಲಿ ಇದೇ ಆಟದಲ್ಲಿ ಪದಕ ಗೆದ್ದಿದ್ದಾರೆ. ಬರುತ್ತದೆ, ನಡಿಗೆಯ ನೆರವಿಲ್ಲದೆ ಬರುತ್ತದೆ ಎಂದಷ್ಟೇ ನನ್ನ ತಕರಾರು. ಆದ್ದರಿಂದ ಮಗನನ್ನೋ ಮಗಳನ್ನೋ ನೋಡಲು ಓಸ್ಲೋಗೆ ಹೋದವರು ಒಮ್ಮೆ ಪ್ರಯತ್ನಿಸಿ. ಸ್ಕೀ ಹಿಡಿದೇ ಮೆಟ್ರೋ ಹತ್ತಿ ಫ್ರೊಗ್ನರ್‌ಸೆಟೆರೆನ್‌ನಲ್ಲಿ ಇಳಿದರೆ ಕಾಡಿನ ಜಾಡು ಅಲ್ಲೇ ಶುರು. ಈಸ್ಟರ್ ಹೊತ್ತಿನಲ್ಲಿ ಅಲ್ಲಿಯವರು ದಾರಿಯ ತಿಂಡಿಗೆ ಕಿತ್ತಳೆ ಹಣ್ಣು ಒಯ್ಯುವ ರೂಢಿ, ನೀವೂ ಒಯ್ಯಿರಿ. ಹಿಂದಿನ ಜೇಬಿನಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ.