ಎರಡು ಎಂಜಿನ್, ಒಂದು ತ್ರೀ ಫೇಸ್

ಕೋಲಾರ ಜಿಲ್ಲೆಯವರಿಗೂ ಸಮುದ್ರಕ್ಕೂ ಯಾವ ಜನ್ಮದ ನಂಟೂ ಇಲ್ಲ. ನಾವಿರುವುದು ಸಮುದ್ರಮಟ್ಟದಿಂದ ಎರಡೂವರೆ ಸಾವಿರ ಅಡಿಗೂ ಮೇಲೆ. ನೀರಿಗಾಗಿ ಸಾಲ ಮಾಡಿ 1,500 ಅಡಿ ಬೋರ್ ಕೊರೆಸಿದರೂ ಆ ತೂತಿನ ತಳ ಸಮುದ್ರಕ್ಕಿಂತ ಸಾವಿರ ಅಡಿ ಎತ್ತರದಲ್ಲೇ ಒಣಗಿಕೊಂಡು ನಿಂತಿರುತ್ತದೆ. ಜಿಲ್ಲೆಯಲ್ಲಿ ಸಮುದ್ರಮಟ್ಟ ದಾಟಿ ಕೆಳಗಿಳಿದವರು ಕೆಜಿಎಫ್‌ನ ಗಣಿ ಕಾರ್ಮಿಕರು ಮಾತ್ರ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಹೋಗಿತ್ತು. 2001ರಲ್ಲಿ ಗಣಿಗಳಿಗೆ ಬೀಗ ಬಿದ್ದ ಮೇಲೆ ಆ ದಾರಿಯೂ ಮುಚ್ಚಿತು.

ಇಂಥ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಒಂದು ಮಾವಿನ ತೋಪು, ಒಂದೆಕರೆ ಟೊಮೆಟೊ, ಮನಸ್ಸು ಬಂದಾಗ ನೀರು ಕೊಡುವ ಒಂದು ಬೋರ್‌ವೆಲ್ ಇಟ್ಟುಕೊಂಡು ತೆಪ್ಪಗಿದ್ದ ನಾನು, ಎರಡು ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಹಿಂದೂ ಮಹಾಸಾಗರ ದಾಟಲು ಹೊರಟೆ. ಗಾಬರಿ ಬೇಡ, ಕಂಪ್ಯೂಟರಿನೊಳಗಿನ ವಿಮಾನ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ, ಅಪ್ಪ ಸೀರಿಯಲ್ ನೋಡಿ ಹಾಳಾಗುತ್ತಿದ್ದಾನೆ ಎಂದು ಅದನ್ನು ಹಾಕಿಕೊಟ್ಟು ಹೋದ. ಹಾಳಾಗುವುದಕ್ಕೆ ಸೀರಿಯಲ್ಲೇ ಅಗ್ಗವಿತ್ತು.

ಇದನ್ನು ಮಕ್ಕಳ ಆಟ ಎಂದುಕೊಳ್ಳಬೇಡಿ. ಹೊರಗೆ ಎಂಥ ಗಾಳಿ ಬೀಸುತ್ತಿದೆಯೋ ಒಳಗೂ ಅದೇ ಗಾಳಿ. ಆರು ಗಂಟೆಯ ದಾರಿಯಾದರೆ ಆರು ಗಂಟೆ ಕುರ್ಚಿಯಲ್ಲಿ ಕೂರಬೇಕು. ಮಗ ಆರಿಸಿಕೊಟ್ಟದ್ದು ಬೀಚ್‌ಕ್ರಾಫ್ಟ್ ಬ್ಯಾರನ್ ಎಂಬ ಆರು ಸೀಟಿನ ವಿಮಾನ; ಒಂದೊಂದು ಎಂಜಿನ್ನೂ 300 ಕುದುರೆ ಶಕ್ತಿಯದು. ನಮ್ಮ ಬೋರಿನ ಮೋಟಾರು ಹದಿನೈದು ಎಚ್‌ಪಿ. ಆ ಲೆಕ್ಕ ಕೇಳಿದ ದಿನದಿಂದ ನಾನು ನೆಲದ ಮೇಲೆ ಸರಿಯಾಗಿ ನಡೆದಿಲ್ಲ ಎಂಬುದು ಹೆಂಡತಿಯ ದೂರು.

ಸಹ ಪೈಲಟ್ ಬೇಕಲ್ಲ? ಮಾಲೂರಿನ ಭಾವಮೈದ ಸಿಕ್ಕಿದ. ಇಟ್ಟಿಗೆ ಗೂಡು ಇಟ್ಟಿರುವವನು. ಬಿಸಿಲು, ಹೊಗೆ, ಲಾರಿ ಲೋಡು ಎಲ್ಲ ಕಂಡವನು. "ಒಂಟಿ ಎಂಜಿನ್ ಇಟ್ಕೊಂಡು ಹುಡುಗೀರೇ ಸಮುದ್ರ ದಾಟವ್ರೆ, ನಮಗೆ ಎರಡೈತೆ, ಯಾಕ್ರೀ ಭಯ ಭಾವ?" ಎಂದ. ಅವನು ಹೇಳಿದ್ದು ಆರೋಹಿ ಪಂಡಿತ್ ಅವರ ವಿಷಯ. ಇಪ್ಪತ್ಮೂರು ವರ್ಷದ ಆ ಮುಂಬೈ ಹುಡುಗಿ 2019ರಲ್ಲಿ ಐನೂರು ಕಿಲೋ ಕೂಡ ತೂಗದ ವಿಮಾನದಲ್ಲಿ ಒಬ್ಬಳೇ ಅಟ್ಲಾಂಟಿಕ್ ದಾಟಿದ್ದು ನಿಜ. ಆಕೆ ತಿಂಗಳುಗಟ್ಟಲೆ ತಯಾರಿ ಮಾಡಿಕೊಂಡಿದ್ದರು ಎಂಬ ಭಾಗವನ್ನು ನಾವಿಬ್ಬರೂ ಓದಲಿಲ್ಲ.

ನಮ್ಮ ತಯಾರಿ ಮುಳಬಾಗಿಲಿನಿಂದ ಶುರುವಾಯಿತು. ನಮ್ಮ ಕಡೆಯ ರಾಜಕಾರಣಿಗಳು ಅಲ್ಲಿಯ ಕುರುಡುಮಲೆ ಗಣಪನಿಗೆ ಕೈಮುಗಿಯದೆ ಚುನಾವಣೆ ಪ್ರಚಾರಕ್ಕೆ ಹೊರಡುವುದಿಲ್ಲ. ಗೆದ್ದವರೂ ಅಲ್ಲಿಂದಲೇ ಹೊರಟವರು, ಡಿಪಾಸಿಟ್ ಕಳೆದುಕೊಂಡವರೂ ಅಲ್ಲಿಂದಲೇ. ಜಾಯ್‌ಸ್ಟಿಕ್ಕನ್ನು ಕೆಂಪು ಟವಲಿನಲ್ಲಿ ಸುತ್ತಿ ಒಯ್ದು ಆಳೆತ್ತರ ಮೀರಿದ ಆ ಮೂರ್ತಿಯ ಮುಂದೆ ಇಟ್ಟೆವು. ಪೂಜಾರಿಗಳು "ಯಾವ ಗಾಡಿ?" ಎಂದರು. "ವಿಮಾನ" ಎಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ ನಿಂಬೆಹಣ್ಣು ಒಂದು ಜಾಸ್ತಿ ಕೊಟ್ಟರು. ದಾರಿಯಲ್ಲಿ ಮುಳಬಾಗಿಲು ದೋಸೆ ತಿಂದೆವು. ಕೋಲಾರದಲ್ಲಿ ಯುಪಿಎಸ್ ಬ್ಯಾಟರಿ ನೋಡಿದೆವು. ಬೆಲೆ ಕೇಳಿ, ಮನೆಯಲ್ಲಿರುವುದಕ್ಕೇ ಡಿಸ್ಟಿಲ್ಡ್ ವಾಟರ್ ಹಾಕಿದರಾಯಿತು ಎಂದು ವಾಪಸು ಬಂದೆವು. ಹಾಕಲಿಲ್ಲ.

ಜಕ್ಕೂರಿನ ರನ್‌ವೇಯಿಂದ ಎದ್ದು, ಪಶ್ಚಿಮಕ್ಕೆ ತಿರುಗುವ ಬದಲು ಮೊದಲು ಪೂರ್ವಕ್ಕೆ ತಿರುಗಿದೆವು. ಸ್ವಂತ ಊರಿನ ಮೇಲೊಂದು ಸುತ್ತು ಹಾಕದೆ ಹೋಗುವ ಗಂಡಸು ಯಾರಿದ್ದಾನೆ? ಅಂತರಗಂಗೆ ಬೆಟ್ಟ ಸಿಕ್ಕಿತು. ಹೆದ್ದಾರಿ ಸಿಕ್ಕಿತು. ನಮ್ಮ ಟೊಮೆಟೊ ತೋಟವಿರುವ ಜಾಗದಲ್ಲಿ ಕಂಪ್ಯೂಟರು ನೀಲಿ ಕೆರೆಯೊಂದನ್ನು ತೋರಿಸಿತು. ಭಾವಮೈದ ತೆಲುಗಿನಲ್ಲಿ ಕೂಗಿ ಕರೆದ ರಭಸಕ್ಕೆ ನಮ್ಮಮ್ಮನೂ ಬಂದು ನೋಡಿದರು. ನೋಡಿ, "ಇದನ್ನ ಮಾಡಿದೋನು ಪುಣ್ಯಾತ್ಮ" ಎಂದು ಕೈಮುಗಿದು ಹೋದರು.

ಮುಂದಿನ ನಿಲ್ದಾಣ ಲಕ್ಷದ್ವೀಪದ ಅಗತ್ತಿ. ಬೆಂಗಳೂರಿನಿಂದ ಸುಮಾರು 650 ಕಿಲೋಮೀಟರ್. 1988ರಲ್ಲಿ ಆ ನಿಲ್ದಾಣ ತೆರೆದದ್ದೇ ಡಾರ್ನಿಯರ್ 228ರಂಥ ವಿಮಾನಗಳಿಗಾಗಿ. ಹತ್ತೊಂಬತ್ತು ಸೀಟು, ಎರಡು ಎಂಜಿನ್, ಎಚ್‌ಎಎಲ್ ಕಾನ್ಪುರದಲ್ಲಿ ಕಟ್ಟುವ ವಿಮಾನ ಅದು. ನಮ್ಮ ಕರಾವಳಿ ಕಾವಲು ಪಡೆ ಅರಬ್ಬೀ ಸಮುದ್ರದ ಮೇಲೆ ಗಸ್ತು ತಿರುಗುವುದೂ ಅದರಲ್ಲೇ. ಅಗತ್ತಿಯ ರನ್‌ವೇ ಕಿಲೋಮೀಟರಿಗಿಂತ ತುಸು ಉದ್ದ. ಈ ತುದಿಗೂ ನೀರು, ಆ ತುದಿಗೂ ನೀರು. ನಾನು ಮೊದಲ ಸಲ ಆ ತುದಿಯ ನೀರಿನಲ್ಲಿ ಇಳಿದೆ. ಮರಳಿ ಬಂದು ಈ ತುದಿಯ ನೀರಿನಲ್ಲೂ ಇಳಿದೆ. ಆಮೇಲೆ ನಡುವೆ ಸಿಮೆಂಟು ಸಿಕ್ಕಿತು.

ನನಗೆ ಸೋಲಿನಲ್ಲೂ ಇತಿಹಾಸ ನೆನಪಾಗುವ ಕಾಯಿಲೆ ಇದೆ. "ಈ ಸಮುದ್ರ ನಮಗೆ ಹೊಸದಲ್ಲ ಕಣೋ," ಎಂದೆ ಭಾವಮೈದನಿಗೆ. "ಹೈದರಾಲಿ ಹುಟ್ಟಿದ್ದು ನಮ್ಮ ಬೂದಿಕೋಟೆಯಲ್ಲಿ. ಅವನ ಮಗ ಟಿಪ್ಪು 1787ರಲ್ಲಿ ಇಲ್ಲಿಯ ಅಮಿನಿದಿವಿ ದ್ವೀಪಗಳನ್ನ ತನ್ನ ಕೈಗೆ ತಗೊಂಡ. ಆಮೇಲೆ ಅವು ಕಂಪನಿಗೆ ಹೋದವು, 1956ರ ತನಕ ಮಂಗಳೂರಿನ ಕಲೆಕ್ಟರ್ ಆಡಳಿತದಲ್ಲೇ ಇದ್ದವು."

"ಹಂಗಾದ್ರೆ ಪಹಣಿ ನಮ್ಮ ಕಡೆಯವರ ಹೆಸರಲ್ಲೇ ಇತ್ತು ಅನ್ನಿ," ಎಂದ ಅವನು. ಆ ಧೈರ್ಯದ ಮೇಲೆ ಮಾಲ್ಡೀವ್ಸ್‌ನ ಮಾಲೆಯವರೆಗೆ ಹಾರಿದೆವು.

ನಿಜವಾದ ಸಾಗರ ಶುರುವಾಗುವುದು ಅಲ್ಲಿಂದ. ಮಾಲೆಯಿಂದ ಸೇಶೆಲ್ಸ್‌ಗೆ ಸುಮಾರು 2,200 ಕಿಲೋಮೀಟರ್. ನಡುವೆ ಒಂದು ಬಂಡೆಯೂ ಇಲ್ಲ. ನಿಜವಾಗಿ ಇಂಥ ವಿಮಾನಗಳನ್ನು ಸಾಗರ ದಾಟಿಸಿ ಒಪ್ಪಿಸುವುದನ್ನೇ ಉದ್ಯೋಗ ಮಾಡಿಕೊಂಡ ಪೈಲಟ್‌ಗಳಿದ್ದಾರೆ. ಅವರು ಸೀಟು ಕಿತ್ತು ಅಲ್ಲಿ ಹೆಚ್ಚುವರಿ ಟ್ಯಾಂಕ್ ಕೂರಿಸುತ್ತಾರೆ. ಸಾಮಾನ್ಯ ರೇಡಿಯೋ ಅಷ್ಟು ದೂರ ಮುಟ್ಟದ ಕಾರಣ ದೂರ ಹೋಗುವ ಎಚ್‌ಎಫ್ ರೇಡಿಯೋ ಹಾಕಿಸುತ್ತಾರೆ. ಗಾಳಿ ತುಂಬುವ ತೆಪ್ಪ ಕೈಗೆ ಸಿಗುವಂತೆ ಇಟ್ಟುಕೊಳ್ಳುತ್ತಾರೆ. ಯಾವ ಗಳಿಗೆಯವರೆಗೆ ಹಿಂದಿರುಗಬಹುದು, ಯಾವ ಗಳಿಗೆಯ ಮೇಲೆ ಮುಂದೆ ಹೋಗುವುದೇ ಹತ್ತಿರ ಎಂದು ಹೊರಡುವ ಮೊದಲೇ ಬರೆದಿಟ್ಟುಕೊಳ್ಳುತ್ತಾರೆ. ನಾವು ಒಂದು ಫ್ಲಾಸ್ಕ್ ಕಾಫಿ, ಅರ್ಧ ಕಿಲೋ ಖಾರ, ಒಂದು ಸೊಳ್ಳೆ ಬತ್ತಿ ಇಟ್ಟುಕೊಂಡೆವು.

ತೂಕ ನಮೂದಿಸುವ ಜಾಗದಲ್ಲಿ ಭಾವಮೈದ ತನ್ನದು ಎಪ್ಪತ್ತು ಕಿಲೋ ಎಂದ. ಅವನು ಕೂತಿದ್ದ ಪ್ಲಾಸ್ಟಿಕ್ ಕುರ್ಚಿ ಬೇರೆ ಮಾತು ಹೇಳುತ್ತಿತ್ತು. ಟ್ಯಾಂಕಿಗೆ ಸುಮಾರು 730 ಲೀಟರ್ ತುಂಬಿಸಿ, ಮುದ್ದೆ ಉಂಡು, ರಾತ್ರಿ ಎಂಟೂವರೆಗೆ ಮಾಲೆ ಬಿಟ್ಟೆವು. ಎಂಟು ಸಾವಿರ ಅಡಿ. ಆಟೋಪೈಲಟ್ ಆನ್. ಹೊರಗೆ ಕಗ್ಗತ್ತಲು, ಒಳಗೆ ಎರಡು ಎಂಜಿನ್ನಿನ ಗುಂಯ್‌ಗುಡಿತ. ಜೀವನದಲ್ಲಿ ನನ್ನ ಮಾತು ಕೇಳುವ ಎರಡು ವಸ್ತುಗಳು ಕೊನೆಗೂ ಸಿಕ್ಕವಲ್ಲ ಎಂದು ಎದೆಯುಬ್ಬಿತು.

ಇಲ್ಲೊಂದು ತಾಂತ್ರಿಕ ವಿಷಯ. ಇಂಥ ವಿಮಾನದಲ್ಲಿ ಮೂರು ಜೊತೆ ಹಿಡಿಗಳಿರುತ್ತವೆ. ಕಪ್ಪು ಹಿಡಿ ಎಂಜಿನ್ನಿನ ಜೋರಿಗೆ, ನೀಲಿ ಹಿಡಿ ಫ್ಯಾನಿಗೆ, ಕೆಂಪು ಹಿಡಿ ಪೆಟ್ರೋಲು-ಗಾಳಿ ಬೆರಕೆಗೆ. ಮೇಲಕ್ಕೆ ಹೋದಂತೆ ಗಾಳಿ ತೆಳುವಾಗುವುದರಿಂದ ಕೆಂಪು ಹಿಡಿಯನ್ನು ಹಿಂದಕ್ಕೆ ಎಳೆದು ಪೆಟ್ರೋಲು ಕಡಿಮೆ ಮಾಡಬೇಕು. ಎಳೆಯದಿದ್ದರೆ ಗಂಟೆಗೆ ಮೂವತ್ತು ನಲವತ್ತು ಲೀಟರ್ ಸುಮ್ಮನೆ ಹೆಚ್ಚು ಸುಡುತ್ತದೆ. ಮಗ ಇದನ್ನು ಬಿಡಿಸಿ ಹೇಳಿದ್ದ. ಹೇಳಿದ್ದಷ್ಟೇ ಅಲ್ಲ, "ಅಪ್ಪಾ, ಕೆಂಪು ಹಿಡಿ ಮರೀಬೇಡ" ಎಂದು ಹಳದಿ ಚೀಟಿಯಲ್ಲಿ ಬರೆದು ಕಂಪ್ಯೂಟರಿನ ಸ್ಕ್ರೀನಿಗೇ ಅಂಟಿಸಿ ಹೋಗಿದ್ದ.

ನಾವು ಮರೆಯಲಿಲ್ಲ. ಕೂತು ಚರ್ಚೆ ಮಾಡಿದೆವು. "ಗೂಡಿಗೆ ಬೆಂಕಿ ಕಮ್ಮಿ ಮಾಡಿದ್ರೆ ಇಟ್ಟಿಗೆ ಹಸಿ ಉಳೀತದೆ ಭಾವ. ಸಮುದ್ರದ ಮಧ್ಯೆ ಯಾಕೆ ಜಿಪುಣತನ? ಇರ್ಲಿ ಬಿಡಿ," ಎಂದ. ಮೂವತ್ತು ವರ್ಷದಿಂದ ಗೂಡು ಸುಡುತ್ತಿರುವವನ ಮಾತು. ಕೆಂಪು ಹಿಡಿ ಪೂರ್ತಿ ಮುಂದಕ್ಕೇ ಇತ್ತು. ಇಂಧನದ ಮುಳ್ಳು ನೋಡಿದ್ದರೆ ಗೊತ್ತಾಗುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಹಳದಿ ಚೀಟಿ ಅಂಟಿದ್ದದ್ದು ಸರಿಯಾಗಿ ಆ ಮುಳ್ಳಿನ ಮೇಲೆ.

ರಾತ್ರಿ ಒಂದು ಗಂಟೆಯ ಹೊತ್ತಿಗೆ ಹಿತ್ತಲಿನಿಂದ ಅಮ್ಮನ ದನಿ: "ರೇಯ್, ತ್ರೀ ಫೇಸ್ ವಚ್ಚಿಂದಿ ರಾ! ಮೋಟರ್ ವೆಯ್ಯಿ ಪೋ!" ತ್ರೀ ಫೇಸ್ ಬಂತು, ಹೋಗಿ ಮೋಟಾರು ಹಾಕು ಎಂದು.

ಪಟ್ಟಣದ ಓದುಗರಿಗೆ ಇದರ ತೂಕ ತಿಳಿಯಲಿಕ್ಕಿಲ್ಲ. ದೀಪಕ್ಕೆ ಸಿಂಗಲ್ ಫೇಸ್ ಸಾಕು. ಬೋರಿನ ಮೋಟಾರಿಗೆ ತ್ರೀ ಫೇಸ್ ಬೇಕು. ಅದು ಬರುವುದು ದೇವರ ದರ್ಶನದ ಹೊತ್ತಿನಲ್ಲಿ, ಹೋಗುವುದು ಹೇಳದೆ ಕೇಳದೆ. ಸಿಕ್ಕ ಗಂಟೆಗಳಲ್ಲಿ ಡ್ರಿಪ್ಪಿಗೆ ನೀರು ಬಿಡದಿದ್ದರೆ ಟೊಮೆಟೊ ಬಾಡುತ್ತದೆ. ಆಟೋ ಸ್ಟಾರ್ಟರ್ ಕೆಟ್ಟು ಕೂತಿತ್ತು. ಸಾಗರದ ಮೇಲೆ 1,700 ಕಿಲೋಮೀಟರ್ ಬಂದಿದ್ದ ಪೈಲಟ್, "ಏನನ್ನೂ ಮುಟ್ಟಬೇಡ" ಎಂದು ಸಹ ಪೈಲಟ್‌ಗೆ ಆಜ್ಞೆ ಮಾಡಿ, ಟಾರ್ಚು ಹಿಡಿದು ತೋಟಕ್ಕೆ ಹೋದ. ಸ್ಟಾರ್ಟರ್ ಹಸಿರು ಗುಂಡಿ ಒತ್ತಿದರೆ ಹಿಡಿಯದು, ಹಿಡಿದರೆ ನಿಲ್ಲದು. ಟೆಸ್ಟರ್ ತಂದು, ಮುಚ್ಚಳ ಬಿಚ್ಚಿ, ಕರಕಲಾಗಿದ್ದ ಕಾಂಟ್ಯಾಕ್ಟ್ ಉಜ್ಜಿ, ಕುರುಡುಮಲೆ ಗಣಪನನ್ನು ನೆನೆದು ಒತ್ತಿದೆ. ಮೋಟಾರು ಹಿಡಿಯಿತು. ಪೈಪು ಮೊದಲು ಗಾಳಿ ಕೆಮ್ಮಿ, ಆಮೇಲೆ ಕೆಂಪು ನೀರು ಕಕ್ಕಿ, ಕೊನೆಗೆ ತಿಳಿಯಾಯಿತು.

ಕೆಸರುಗಾಲಿನಲ್ಲಿ ಓಡಿ ಬಂದರೆ ಭಾವಮೈದ ಆಜ್ಞೆಯನ್ನು ಅಕ್ಷರಶಃ ಪಾಲಿಸಿದ್ದ. ಏನನ್ನೂ ಮುಟ್ಟದೆ ನಿದ್ದೆ ಹೋಗಿದ್ದ. ಒಂದು ಎಂಜಿನ್ ಕೆಮ್ಮುತ್ತಿತ್ತು.

ಎರಡು ಎಂಜಿನ್ನಿನ ಪೈಲಟ್‌ಗಳಿಗೆ ಇದಕ್ಕೆಂದೇ ಒಂದು ಸೂತ್ರ ಕಲಿಸುತ್ತಾರೆ. ಒಂದು ಎಂಜಿನ್ ಸತ್ತಾಗ ವಿಮಾನ ಆ ಕಡೆಗೆ ತಿರುಚಿಕೊಳ್ಳುತ್ತದೆ. ನೇರ ಹಿಡಿಯಲು ಎದುರು ಪೆಡಲನ್ನು ಒತ್ತಬೇಕು. ಕೆಲಸವಿಲ್ಲದೆ ಕೂತಿರುವ ಕಾಲು ಯಾವುದೋ ಆ ಕಡೆಯ ಎಂಜಿನ್ನೇ ಸತ್ತಿರುವುದು. ಅದರ ಫ್ಯಾನಿನ ರೆಕ್ಕೆಯನ್ನು ಗಾಳಿಗೆ ಅಂಚು ಕೊಟ್ಟು ನಿಲ್ಲಿಸಬೇಕು. ನಮ್ಮ ಮನೆಯಲ್ಲಿ ಪೆಡಲ್ ಇರಲಿಲ್ಲ. ನನ್ನ ಎರಡೂ ಕಾಲುಗಳು ಮೇಜಿನ ಕೆಳಗೆ ಕೆಸರು ಮೆತ್ತಿಕೊಂಡು ಖಾಲಿ ಕೂತಿದ್ದವು. ಸೂತ್ರದ ಪ್ರಕಾರ ಎರಡೂ ಎಂಜಿನ್ ಸತ್ತಿರಬೇಕು. ಸ್ವಲ್ಪ ಹೊತ್ತಿಗೆ ಹಾಗೇ ಆಯಿತು.

ಎಂಟು ಸಾವಿರ ಅಡಿಯಿಂದ ಎಂಜಿನ್ ಇಲ್ಲದೆ ತೇಲಿದರೆ ಹೆಚ್ಚೆಂದರೆ ಮೂವತ್ತು ಕಿಲೋಮೀಟರ್. ಸೇಶೆಲ್ಸ್ ಇನ್ನೂ ನಾನೂರು ಚಿಲ್ಲರೆ ಕಿಲೋಮೀಟರ್ ಆಚೆ. ಸಮುದ್ರದಲ್ಲಿ ಇಳಿಸುವುದಾದರೆ ದೊಡ್ಡ ಅಲೆಗಳಿಗೆ ಎದುರಾಗಿ ಅಲ್ಲ, ಅವುಗಳ ಉದ್ದಕ್ಕೆ ಇಳಿಸಬೇಕಂತೆ. ಕತ್ತಲಲ್ಲಿ ಅಲೆ ಎಲ್ಲಿ, ಉದ್ದ ಎಲ್ಲಿ? ಭಾವಮೈದ ಎದ್ದು ಗೋವಿಂದಾ ಎಂದ. ಮೂಗು ತಗ್ಗಿಸಿದೆ. ಇನ್ನೂರು ಅಡಿ. ನೂರು ಅಡಿ. ಆಗ ಕರೆಂಟು ಹೋಯಿತು. ಡಿಸ್ಟಿಲ್ಡ್ ವಾಟರ್ ಕಾಣದ ಬ್ಯಾಟರಿ ಒಮ್ಮೆ ಕುಂಯ್ ಎಂದು ಪ್ರಾಣ ಬಿಟ್ಟಿತು. ತೋಟದಲ್ಲಿ ಮೋಟಾರೂ ನಿಂತಿತು. ನಾವು ಮುಳುಗಿದೆವೋ ತೇಲಿದೆವೋ, ಕಂಪ್ಯೂಟರು ಇಂದಿಗೂ ತಿಳಿಸಿಲ್ಲ.

ಕತ್ತಲಲ್ಲಿ ಹೆಂಡತಿ ಮೇಣದಬತ್ತಿ ಹಿಡಿದು ಬಂದಳು. "ಎಲ್ಲಿಗೆ ಬಂತ್ರೀ ನಿಮ್ಮ ವಿಮಾನ?"

"ಸಮುದ್ರದ ಮಧ್ಯೆ ಬಿತ್ತು."

"ಹೋಗ್ಲಿ ಬಿಡಿ, ಅಲ್ಲಾದ್ರೂ ನೀರು ಸಿಕ್ತಲ್ಲ."

ಆಮೇಲೆ ಪುಸ್ತಕ ತಿರುವಿದಾಗ ಗೊತ್ತಾದದ್ದು: ಎರಡು ಎಂಜಿನ್ ಇವೆಯೆಂದು ನಂಬಿ ಕೂರುವ ಹಳೆಯ ತಪ್ಪಿಗೆ ನಾವು ಹೊಸ ಗಿರಾಕಿಗಳು. ಸಣ್ಣ ವಿಮಾನದಲ್ಲಿ ಒಂದು ಎಂಜಿನ್ ನಿಂತರೆ ಹೋಗುವುದು ಅರ್ಧ ಶಕ್ತಿ, ಆದರೆ ಮೇಲೇರುವ ತಾಕತ್ತಿನಲ್ಲಿ ನೂರಕ್ಕೆ ಎಂಬತ್ತು ಪಾಲು ಅದರ ಜೊತೆಗೇ ಹೋಗುತ್ತದೆ. 1937ರ ಜುಲೈ 2ರಂದು ಪೆಸಿಫಿಕ್ ಮೇಲೆ ಕಾಣೆಯಾದ ಅಮೀಲಿಯಾ ಇಯರ್‌ಹಾರ್ಟ್ ಹಾರಿಸುತ್ತಿದ್ದ ಲಾಕ್‌ಹೀಡ್ ಎಲೆಕ್ಟ್ರಾಕ್ಕೂ ಎರಡು ಎಂಜಿನ್. ಕೊನೆಯ ಸಂದೇಶಗಳಲ್ಲಿ ಆಕೆ ಹೇಳಿದ್ದು ಎಂಜಿನ್ ಕೆಟ್ಟಿತು ಎಂದಲ್ಲ. ದ್ವೀಪ ಕಾಣುತ್ತಿಲ್ಲ, ಇಂಧನ ಮುಗಿಯುತ್ತಿದೆ ಎಂದು. ಎಂಜಿನ್ ಎರಡಾದರೂ ಅವುಗಳ ಹಿಂದಿನ ತಲೆ ಒಂದೇ. ಆ ತಲೆ ಭಾವಮೈದನ ಮಾತು ಕೇಳುವಂಥದ್ದಾದರೆ ನಾಲ್ಕು ಎಂಜಿನ್ ಇದ್ದರೂ ಕೂಡಿಯೇ ನಿಲ್ಲುತ್ತವೆ.

ಆದ್ದರಿಂದ ಸಾಗರ ದಾಟುವ ಆಸೆಯಿರುವ ನಮ್ಮ ಜಿಲ್ಲೆಯ ಬಂಧುಗಳಲ್ಲಿ ಒಂದೇ ವಿನಂತಿ. ಕೆಂಪು ಹಿಡಿ ಹಿಂದಕ್ಕೆಳೆಯಿರಿ, ಚೀಟಿಯನ್ನು ಗೋಡೆಗೆ ಅಂಟಿಸಿ. ಹೊರಡುವ ಮುನ್ನ ಗಾಳಿಯ ವರದಿ ನೋಡಿದರೆ ಸಾಲದು. ಲೈನ್‌ಮನ್‌ಗೆ ಒಂದು ಫೋನ್ ಮಾಡಿ, ಇವತ್ತು ನಮ್ಮ ಫೀಡರಿಗೆ ತ್ರೀ ಫೇಸ್ ಎಷ್ಟು ಹೊತ್ತಿಗೆ ಎಂದು ಕೇಳಿಕೊಂಡೇ ವಿಮಾನ ಹತ್ತಿ.