ಚೆಕ್ಕುಬಂದಿ ಇಲ್ಲದ ಪತ್ರ

ಮಗಳ ಕಾಲೇಜು ಅರ್ಜಿಗೆ ಇವರು ರುಜು ಹಾಕದ ಹಾಗೆ ನಮ್ಮ ಮಾವನವರು ಅಡ್ಡ ಕೂತುಬಿಟ್ಟರು. ಕಾರಣ, ಪತ್ರದಲ್ಲಿ ಚೆಕ್ಕುಬಂದಿ ಇಲ್ಲವಂತೆ. ನನಗೆ ಇನ್ನೂ ನಗು ನಿಂತಿಲ್ಲ, ಇವರಿಗೆ ಇನ್ನೂ ಸಿಟ್ಟು ಇಳಿದಿಲ್ಲ.

ಮಾವನವರು ತುಮಕೂರು ಜಿಲ್ಲೆಯ ಸಬ್‌ರಿಜಿಸ್ಟ್ರಾರ್ ಕಚೇರಿಗಳಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತರಾದವರು. ಅವರ ಪ್ರಕಾರ ಜಗತ್ತಿನಲ್ಲಿರುವುದು ಎರಡೇ ಜಾತಿ: ಬರೆದುಕೊಟ್ಟವರು, ಬರೆಸಿಕೊಂಡವರು.

ನ್ಯೂಜೆರ್ಸಿಯಲ್ಲಿ ಹನ್ನೆರಡನೇ ಕ್ಲಾಸಿನ ಮಕ್ಕಳಿರುವ ಮನೆಯವರಿಗೆ ಅರ್ಲಿ ಡಿಸಿಶನ್ ಅಂದರೇನು ಅಂತ ನಾನು ಹೇಳಬೇಕಾಗಿಲ್ಲ. ನವೆಂಬರ್ 1 ನಮಗೆ ರಾಜ್ಯೋತ್ಸವ, ಬಹಳಷ್ಟು ಕಾಲೇಜುಗಳ ಗಡುವೂ ಅವತ್ತೇ. ಕನ್ನಡ ಕೂಟದ ನಾಡಗೀತೆಗೆ ಈ ವಯಸ್ಸಿನ ಮಕ್ಕಳು ಯಾಕೆ ಸಿಗೋದಿಲ್ಲ ಅಂತ ಅಧ್ಯಕ್ಷರು ಪ್ರತಿ ವರ್ಷ ಭಾಷಣದಲ್ಲಿ ಕೊರಗುತ್ತಾರೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್‌ನವರು ಮೊದಲೇ ಸೀಟು ಕೊಟ್ಟರೂ ಕಟ್ಟಿಹಾಕುವುದಿಲ್ಲ, ಮೇ 1ರವರೆಗೆ ಯೋಚನೆ ಮಾಡಬಹುದು. ಕೊಲಂಬಿಯ, ಕಾರ್ನೆಲ್, ಬ್ರೌನ್‌ನವರು ಹಾಗಲ್ಲ. ಡಿಸೆಂಬರ್‌ನಲ್ಲಿ ಸೀಟು ಕೊಟ್ಟರೋ, ಮಿಕ್ಕ ಅರ್ಜಿಗಳನ್ನೆಲ್ಲ ವಾಪಸ್ ತಗೊಂಡು ಅಲ್ಲಿಗೇ ಹೋಗಬೇಕು. ಅರ್ಧದಷ್ಟು ಸೀಟನ್ನು ಹೀಗೆ ಮಾತು ಕೊಟ್ಟವರಿಂದಲೇ ತುಂಬಿಸುವ ಕಾಲೇಜುಗಳಿವೆ. ಪುಟ್ಟಿಯ ಆತುರಕ್ಕೆ ಅದೇ ಕಾರಣ. ವರ್ಷದ ಖರ್ಚು 90,000 ಡಾಲರ್ ದಾಟಿದ ಕಾಲೇಜುಗಳೂ ಇವೆ. ಒಂದು ಕಡೆ ಒಪ್ಪಿಕೊಂಡ ಮೇಲೆ ನಾಲ್ಕು ಕಡೆಯ ನೆರವು ತೂಗಿ ನೋಡುವ ಹಾಗಿಲ್ಲ. ಇವರ ಹಿಂಜರಿಕೆಗೆ ಅದು ಕಾರಣ.

ಅಪ್ಪ ಮಗಳ ಈ ಜಗಳಕ್ಕೆ ತಾತ ಬಂದರು. ಒಪ್ಪಂದವನ್ನು ಪ್ರಿಂಟ್ ಹಾಕಿಸಿಕೊಂಡು, ಕೆಂಪು ಪೆನ್ನು ಹಿಡಿದು, ಊಟದ ಮೇಜಿನ ತುದಿಯಲ್ಲಿ ಕೂತರು.

"ಬರೆದುಕೊಟ್ಟವರು ಯಾರಮ್ಮಾ?"

"ನಾನು, ತಾತ."

"ಬರೆಸಿಕೊಂಡವರು?"

"ಕಾಲೇಜು."

"ಅವರ ರುಜು ಎಲ್ಲಿ?"

ಪುಟ್ಟಿ ಹುಡುಕಿದಳು. ಅವಳ ರುಜುಗೆ ಜಾಗ ಇತ್ತು, ಅಪ್ಪನ ರುಜುಗೆ ಇತ್ತು, ಸ್ಕೂಲಿನ ಕೌನ್ಸಿಲರ್ ರುಜುಗೂ ಇತ್ತು. ಕಾಲೇಜಿನವರದ್ದು ಇಲ್ಲವೇ ಇಲ್ಲ. ಮಾವನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ಕನ್ನಡಕ ಕೆಳಗಿಳಿದದ್ದು ನೋಡಿಯೇ ತಾಲ್ಲೂಕಿನಲ್ಲಿ ಎಷ್ಟು ಜನ ದಾಯಾದಿಗಳು ಬೆವೆತಿದ್ದರೋ.

"ಹೆಸರು ಟೈಪ್ ಮಾಡಿದ್ರೆ ಅದೇ ರುಜು, ತಾತ."

"ನಿಮ್ಮಪ್ಪನ ಹೆಸರನ್ನ ನಾನೂ ಟೈಪ್ ಮಾಡಬಹುದಲ್ಲ?"

"ಮಾಡಬಹುದು. ಮಾಡ್ತೀರಾ?" ಹುಡುಗಿಯ ಕಣ್ಣಲ್ಲಿ ಆಸೆ ಮಿಂಚಿತು.

"ಜೈಲಿಗೆ ಹಾಕ್ತಾರೆ."

ಆಮೇಲೆ ತುರುಪು ಎಸೆದರು. ಹದಿನೇಳರ ಹುಡುಗಿ ಮೈನರ್, ಮೈನರ್ ಬರೆದುಕೊಟ್ಟ ಕರಾರು ಊರ್ಜಿತವಲ್ಲ! ಪುಟ್ಟಿ ಕೆಂಡವಾದಳು. "ನಿಮ್ಮನ್ನ ಬ್ರಿಜ್‌ವಾಟರ್ ದೇವಸ್ಥಾನಕ್ಕೆ ಕಾರಲ್ಲಿ ಕರ್ಕೊಂಡು ಹೋಗೋದು ಯಾರು? ಆಗ ನಾನು ಮೈನರ್ ಅಲ್ವಾ?"

"ಅದಕ್ಕೇ ದಾರಿಯುದ್ದಕ್ಕೂ ವಿಷ್ಣು ಸಹಸ್ರನಾಮ ಹೇಳ್ತಿರ್ತೀನಿ."

ಇವರು ಅಲ್ಲಿಯವರೆಗೆ ತಂದೆ ತಮ್ಮ ಪಕ್ಷ ಅಂತ ಒಳಗೊಳಗೇ ಖುಷಿಯಲ್ಲಿದ್ದರು. ಅಷ್ಟರಲ್ಲಿ ಮಾವನವರಿಗೆ ನೆರವು ಸಾಲದಿದ್ದರೆ ಒಪ್ಪಂದದಿಂದ ಬಿಡುಗಡೆ ಕೇಳಬಹುದು ಅನ್ನುವ ಷರತ್ತು ಸಿಕ್ಕಿತು. ಕೆಂಪು ಗೆರೆ ಎಳೆದು, "ಈ ಕಲಮು ಬರೆದವನು ಮನುಷ್ಯ ಕಣೋ. ನಿನ್ನ ಭಯಕ್ಕೆ ಆಧಾರ ಇಲ್ಲ," ಅಂದುಬಿಟ್ಟರು. ಇವರ ಮುಖ ಇಳಿಯಿತು. ಆದರೆ ಮಾವನವರು ಮೊಮ್ಮಗಳ ಪಕ್ಷಕ್ಕೂ ಹೋಗಲಿಲ್ಲ. ಆಸ್ತಿಯ ವಿವರವಿಲ್ಲದ, ಚೆಕ್ಕುಬಂದಿಯಿಲ್ಲದ ಕಾಗದಕ್ಕೆ ತಮ್ಮ ಕಣ್ಣೆದುರು ಯಾರೂ ರುಜು ಮಾಡಕೂಡದು ಅಂದರು.

ಅತ್ತೆ ಹುರುಳಿಕಾಯಿ ನಾರು ತೆಗೆಯುತ್ತಾ, "ನಾನು ನಿಮ್ಮನ್ನ ಕಟ್ಟಿಕೊಂಡಾಗ ಯಾವ ಷರತ್ತು ಓದಿದ್ದೆ?" ಅಂದರು. ಅದಕ್ಕೆ ಯಾವ ಪಕ್ಷದವರೂ ಉತ್ತರ ಕೊಡಲಿಲ್ಲ.

ಪುಟ್ಟಿ ಧಡಧಡ ಮಹಡಿ ಹತ್ತಿದಳು. ಮುನಿಸಿಕೊಂಡಳು ಅಂದುಕೊಂಡೆವು. ಹೋಮ್‌ವರ್ಕ್‌ಗೂ ಇಷ್ಟು ಶ್ರದ್ಧೆ ತೋರಿಸದ ಹುಡುಗಿ ಒಂದು ಹಾಳೆ ಹಿಡಿದು ಇಳಿದು ಬಂದಳು. ಮ್ಯಾಪ್ ನೋಡಿ ಬರೆದಿದ್ದಳು, ಅದೂ ಅವಳ ವಕ್ರ ಕನ್ನಡ ಅಕ್ಷರದಲ್ಲಿ: "ಪುರ್ವಕ್ಕೆ ನದಿ. ಪಶ್ಚಿಮಕ್ಕೆ ಪಾರ್ಕಿಂಗ್. ಉತ್ತರಕ್ಕೆ ಐಸ್ ಹಾಕಿ ಆಡೊ ಜಾಗ. ದಕ್ಷಿಣಕ್ಕೆ ರಸ್ತೆ."

ಮಾವನವರು ಮತ್ತೆ ಕನ್ನಡಕ ಏರಿಸಿದರು. 'ಪುರ್ವ'ಕ್ಕೆ ದೀರ್ಘ ಕೊಟ್ಟರು.

"ಈ ಸ್ವತ್ತು ನಮ್ಮನೆಯಿಂದ ಎಷ್ಟು ದೂರ?"

"ಕಾರಲ್ಲಿ ಐದು ಗಂಟೆ. ಆದ್ರೆ ಚೆಕ್ಕುಬಂದಿಗೆ ಅದು ಬೇಡ, ತಾತ."

"ನನಗೆ ಬೇಕಮ್ಮ," ಅಂದರು. ಆಮೇಲೆ ತುಸು ಹೊತ್ತು ಆ ಹಾಳೆಯನ್ನೇ ನೋಡುತ್ತಾ, "ಇಷ್ಟೆಲ್ಲ ಇದೆ. ದೇವಸ್ಥಾನ ಇಲ್ವಾ?" ಅಂದರು.

"ಹುಡುಕ್ತೀನಿ."

"ಯಾರ ಜೊತೆ ಹೋಗ್ತೀಯ? ಸಹಸ್ರನಾಮ ಯಾರು ಹೇಳ್ತಾರೆ?"

ಇವರು ಹಲ್ಲು ಕಚ್ಚಿಕೊಂಡು ಲ್ಯಾಪ್‌ಟಾಪ್‌ನಲ್ಲಿ ತಮ್ಮ ಹೆಸರು ಒತ್ತಿದರು. ಮಾವನವರು ಪ್ರಿಂಟಿನ ಕೆಳಗೆ 'ಓದಿ ನೋಡಲಾಗಿದೆ' ಅಂತ ಬರೆದು, ತಾರೀಖು ಹಾಕಿ, ನಕಲನ್ನು ತಮ್ಮ ಸೂಟ್‌ಕೇಸಿನಲ್ಲಿ ಪಾಸ್‌ಪೋರ್ಟಿನ ಜೊತೆಗಿಟ್ಟುಕೊಂಡರು.

ಎಲ್ಲ ಮುಗಿಯಿತು ಅಂದುಕೊಂಡೆ. ಡಿಸೆಂಬರ್‌ನಲ್ಲಿ ಇಲ್ಲ ಅಂದರೆ ಜನವರಿಯಲ್ಲಿ ಇನ್ನೊಂದು ಕಾಲೇಜಿಗೆ ಇದೇ ಥರ ಎರಡನೇ ಸುತ್ತು ಹಾಕಬಹುದು ಅಂತ ಪುಟ್ಟಿ ಬಾಯಿಬಿಟ್ಟಳು. ಮಾವನವರು ಊರಿಗೆ ಹೊರಡಬೇಕಾದದ್ದು ದೀಪಾವಳಿ ಮುಗಿದ ಕೂಡಲೇ. ಸೊಸೆಗೆ ಗೊತ್ತಾಗಬಾರದು ಅಂತ ಪಿಸುಮಾತಿನಲ್ಲಿ, ಆದರೆ ಅಡಿಗೆಮನೆಯವರೆಗೂ ಕೇಳುವ ಹಾಗೆ, ಮಗನಿಗೆ ಹೇಳಿದರು:

"ಲೋ, ಟಿಕೆಟ್ಟು ಫೆಬ್ರವರಿಗೆ ಹಾಕಿಸು. ಆ ಪತ್ರ ಯಾರು ಓದ್ತಾರೆ, ನೀನಾ?"