ದೀಪ ಹಚ್ಚೋದು ನನ್ನ ಕೆಲಸ, ಲೆಕ್ಕ ನನ್ನದಲ್ಲ

(ಕಾಲ್ಪನಿಕ ಸಂದರ್ಶನ)

ಪೀಣ್ಯದಲ್ಲಿ ಪಂಪ್ ತಯಾರಿಸುವ ಕಂಪನಿಯೊಂದರ ಲೆಕ್ಕಪತ್ರವೆಲ್ಲ ಸ್ಯಾಪ್ ತಂತ್ರಾಂಶದಲ್ಲಿದೆ. ಅದನ್ನು ಅಳೆದು ತೂಗಿ ನೋಡಲೆಂದು ಆಡಳಿತ ಮಂಡಳಿ ಸ್ನೋಫ್ಲೇಕ್ ಎಂಬ ಕ್ಲೌಡ್ ಡೇಟಾ ವೇರ್‌ಹೌಸ್ ತಂದಿದೆ. ಇಲ್ಲಿಂದ ಅಲ್ಲಿಗೆ ಡೇಟಾ ಹೊರುವುದು ಕನೆಕ್ಟರ್. ಮಾರಿದವರ ಪ್ರಕಾರ ಇದು ಒಂದೇ ಕ್ಲಿಕ್ಕಿನ ಕೆಲಸ. ಕ್ಲಿಕ್ ಆಗಿ ತಿಂಗಳುಗಳು ಕಳೆದಿವೆ. ಯೋಜನೆ ಮಾತ್ರ ಪ್ರತಿ ಮೀಟಿಂಗಿನಲ್ಲೂ ‘ಕೊನೇ ಹಂತ’ದಲ್ಲಿರುತ್ತದೆ. ಐದು ನಿಮಿಷಕ್ಕೊಮ್ಮೆ ಓಡುವ ಕನೆಕ್ಟರ್, ಎರಡು ಓಟಗಳ ನಡುವಿನ ಬಿಡುವಿನಲ್ಲಿ ಮಾತಿಗೆ ಸಿಕ್ಕಿತು.

ಒಂದೇ ಕ್ಲಿಕ್ ಅಂದಿದ್ದರಲ್ಲ?

ಕ್ಲಿಕ್ ಒಂದೇ ಸಾರ್, ಸುಳ್ಳಲ್ಲ. ಅದಕ್ಕೆ ಮುಂಚೆ ಫೈರ್‌ವಾಲ್ ತೆಗೆಯೋಕೆ ನೆಟ್‌ವರ್ಕ್‌ನವರ ಅಪ್ರೂವಲ್, ಯೂಸರ್ ಐಡಿಗೆ ಸ್ಯಾಪ್ ನೋಡಿಕೊಳ್ಳೋ ಬೇಸಿಸ್ ಟೀಮಿನ ಅಪ್ರೂವಲ್, ಆಮೇಲೆ ಸೆಕ್ಯೂರಿಟಿಯವರ ಪ್ರಶ್ನೆಪತ್ರಿಕೆ. ಸರ್ಕಾರಿ ಕಚೇರೀಲಿ ಸೆಕ್ಷನ್ನಿಂದ ಸೆಕ್ಷನ್ನಿಗೆ ಫೈಲು ಹೊರೋ ಜವಾನ ಇರ್ತಾನಲ್ಲ, ಅವನೇ ನಾನು. ಒಳಗೇನು ಬರೆದಿದೆ ಅಂತ ಓದೋ ಅಧಿಕಾರ ಇಲ್ಲ. ತಡವಾದರೆ ಬೈಗುಳ ಮಾತ್ರ ನನಗೆ.

ಸ್ಯಾಪ್ ಯಜಮಾನರ ಸ್ವಭಾವ ಹೇಗೆ?

ಹಿರಿಯರು. 1972ರಲ್ಲಿ ಐಬಿಎಂ ಬಿಟ್ಟು ಬಂದ ಐದು ಜನ ಜರ್ಮನಿಯಲ್ಲಿ ಕಟ್ಟಿದ ಮನೆ. ಶಿಸ್ತು ಜಾಸ್ತಿ, ಮಾತು ಕಡಿಮೆ. ಗ್ರಾಹಕರ ಟೇಬಲ್ ಹೆಸರು ಕೆಎನ್‌ಎ1, ಆರ್ಡರ್ ಟೇಬಲ್ ವಿಬಿಎಕೆ. ಯಾಕೆ ಅಂತ ಕೇಳೋ ಹಾಗಿಲ್ಲ. ಪರದೆ ಮೇಲೆ ಗ್ರಾಹಕನ ನಂಬರ್ 4521 ಅಂತ ತೋರಿಸ್ತಾರೆ. ಒಳಗಿರೋದು 0000004521, ಹತ್ತಂಕಿ ತುಂಬೋವರೆಗೂ ಸೊನ್ನೆ. ನಾನು ಒಳಗಿದ್ದದ್ದನ್ನ ಇದ್ದ ಹಾಗೇ ಒಯ್ದೆ. ಮಾರ್ಕೆಟಿಂಗ್ ಹುಡುಗ ತನ್ನ ಎಕ್ಸೆಲ್ ಶೀಟಿನ 4521ಕ್ಕೆ ತಾಳೆ ಹಾಕಿದ, ಒಬ್ಬ ಗ್ರಾಹಕನೂ ಸಿಗಲಿಲ್ಲ. ‘ಕನೆಕ್ಟರ್ ಕಸ್ಟಮರ್‌ಗಳನ್ನೆಲ್ಲ ನುಂಗಿದೆ’ ಅಂತ ಟಿಕೆಟ್ ಹಾಕಿದ. ತಾರೀಖಿನ ಕಥೆ ಇನ್ನೂ ಚೆಂದ. ತಾರೀಖು ಇಲ್ಲದ ಕಡೆ ಖಾಲಿ ಬಿಡಲ್ಲ ಯಜಮಾನರು, ಎಂಟು ಸೊನ್ನೆ ಬರೀತಾರೆ. ಸೊನ್ನೇ ವರ್ಷ, ಸೊನ್ನೇ ತಿಂಗಳು, ಸೊನ್ನೇ ತಾರೀಖು. ಅಂಥದೊಂದು ದಿನ ಯಾವ ಪಂಚಾಂಗದಲ್ಲೂ ಇಲ್ಲ ಅಂತ ಸ್ನೋಫ್ಲೇಕ್‌ನವರು ಬಾಗಿಲಲ್ಲೇ ವಾಪಸ್ ಕಳಿಸ್ತಾರೆ.

ಜಪಾನ್ ಪ್ರಕರಣದ ಬಗ್ಗೆ ಕಚೇರಿಯಲ್ಲಿ ಇನ್ನೂ ಗುಸುಗುಸು ಇದೆ.

ಅಯ್ಯೋ, ಅದಾ? ನೋಡಿ, ಸ್ಯಾಪ್‌ನಲ್ಲಿ ಮೊತ್ತದ ಕಾಲಂ ಅಂದರೆ ಸಾಮಾನ್ಯವಾಗಿ ಚುಕ್ಕಿ ಆದಮೇಲೆ ಎರಡು ಅಂಕಿ. ರೂಪಾಯಿಗೆ ಪೈಸೆ ಇದೆ, ಸರಿಹೋಯ್ತು. ಯೆನ್‌ಗೆ ಪೈಸೆ ಇಲ್ಲ. ಹಾಗಂತ ಕಾಲಂ ಬದಲಾಯಿಸ್ತಾರಾ? ಇಲ್ಲ. ಅಂಕಿಗಳನ್ನೇ ಎರಡು ಮನೆ ಸರಿಸಿ ಕೂರಿಸ್ತಾರೆ. ಒಂದು ಕೋಟಿ ಯೆನ್ ಒಳಗೆ ಒಂದು ಲಕ್ಷ ಆಗಿ ಕೂತಿರುತ್ತೆ. ಸ್ಯಾಪ್ ಪರದೇಲಿ ನೋಡಿದರೆ ಮತ್ತೆ ಸರಿಯಾಗಿ ಒಂದು ಕೋಟಿ. ಕುವೈತ್ ದಿನಾರ್ ಇದಕ್ಕೆ ಉಲ್ಟಾ, ಅದಕ್ಕೆ ಚುಕ್ಕಿ ಆದಮೇಲೆ ಮೂರು ಅಂಕಿ ಬೇಕು. ಹತ್ತು ಸಾವಿರ ದಿನಾರ್ ಒಳಗೆ ಒಂದು ಲಕ್ಷ ಅಂತ ಇರುತ್ತೆ. ನಾನು ಎರಡನ್ನೂ ನಿಯತ್ತಾಗಿ ಹೊತ್ತು ತಂದೆ. ಡ್ಯಾಶ್‌ಬೋರ್ಡಲ್ಲಿ ಜಪಾನ್ ಮಾರಾಟ ನೂರರಲ್ಲಿ ಒಂದು ಪಾಲಾಯ್ತು, ಕುವೈತ್ ಹತ್ತು ಪಟ್ಟಾಯ್ತು. ಜಪಾನ್ ನೋಡಿಕೊಳ್ಳೋರಿಗೆ ಮೆಮೊ ಹೋಯ್ತು, ಕುವೈತ್‌ನವರಿಗೆ ಶಾಲು, ಹಾರ, ಮೈಸೂರು ಪೇಟ.

ಯಾವ ನಾಣ್ಯಕ್ಕೆ ಎಷ್ಟು ಅಂಕಿ ಅಂತ ಎಲ್ಲೂ ಬರೆದಿಲ್ಲವೇ?

ಟಿಸಿಯುಆರ್‌ಎಕ್ಸ್ ಅಂತ ಒಂದು ಪುಟ್ಟ ಟೇಬಲ್ ಇದೆ, ಅದರಲ್ಲಿ ಬರೆದಿದೆ. ನನಗೆ ಕೊಟ್ಟ ಪಟ್ಟೀಲಿ ಅದರ ಹೆಸರಿರಲಿಲ್ಲ. ಪಟ್ಟೀಲಿ ಇಲ್ಲದ್ದನ್ನ ನಾನು ಮುಟ್ಟಲ್ಲ.

ನಿಮಗೇ ಅನುಮಾನ ಬರಲಿಲ್ಲವೇ?

ಹೊರಟ ಸಾಲು ಎಷ್ಟು, ಮುಟ್ಟಿದ ಸಾಲು ಎಷ್ಟು? ಎರಡೂ ಒಂದೇ ಇದ್ದರೆ ಹಸಿರು ದೀಪ ಹಚ್ಚಬೇಕು ಅನ್ನೋದು ನನಗಿರೋ ಆದೇಶ. ಹಚ್ಚಿದೆ. ಅನುಮಾನ ಪಡೋದು ಬೇರೆ ಮಾಡ್ಯೂಲು ಸಾರ್, ಅದಕ್ಕೆ ಬಜೆಟ್ ಸಿಗಲಿಲ್ಲ. ತಡೀರಿ, ಓಟದ ಹೊತ್ತಾಯ್ತು... ಹ್ಞಾಂ, ಬಂದೆ. ಮತ್ತೆ ಹಸಿರು.

ಅಳಿಸಿದ ಆರ್ಡರ್‌ಗಳೂ ಆ ಕಡೆ ಬದುಕಿವೆಯಂತೆ?

ಕೊನೇ ಸಲ ಯಾವಾಗ ಬದಲಾಯ್ತು ಅನ್ನೋ ಸಮಯ ನೋಡಿ ಸಾಲು ಎತ್ಕೊಂಡು ಬಾ ಅಂದರು. ಅಳಿಸಿದ ಮೇಲೆ ಸಮಯ ಬರೆಯೋಕೆ ಆ ಸಾಲೇ ಇರಲ್ಲವಲ್ಲ!

ಹೋಗಲಿ, ಸ್ನೋಫ್ಲೇಕ್ ಕಡೆಯವರು ಹೇಗೆ?

2012ರಲ್ಲಿ ಹುಟ್ಟಿದ ಕ್ಯಾಲಿಫೋರ್ನಿಯಾ ಕೂಸು. ನಗುಮುಖ, ಎಲ್ಲದಕ್ಕೂ ‘ಬನ್ನಿ ಬನ್ನಿ’. ಮೀಟರ್ ಮಾತ್ರ ಸೆಕೆಂಡ್ ಲೆಕ್ಕದಲ್ಲಿ ಓಡುತ್ತೆ, ಎಬ್ಬಿಸಿದಾಗಲೆಲ್ಲ ಕನಿಷ್ಠ 60 ಸೆಕೆಂಡ್ ಚಾರ್ಜು. ತೀರ ಸಣ್ಣ ಯಂತ್ರಕ್ಕೆ ಗಂಟೆಗೆ ಒಂದು ಕ್ರೆಡಿಟ್. ಒಂದೊಂದು ಸೈಜ್ ಮೇಲೆ ಹೋದ ಹಾಗೂ ದುಪ್ಪಟ್ಟು. ಕೆಲಸ ಇಲ್ಲದಿದ್ದರೆ ತಾನೇ ಮಲಗುತ್ತೆ, ಡೀಫಾಲ್ಟ್ ಸೆಟ್ಟಿಂಗ್ ಪ್ರಕಾರ 10 ನಿಮಿಷ ಸುಮ್ಮನಿದ್ದರೆ. ನಾನು ಐದು ನಿಮಿಷಕ್ಕೊಮ್ಮೆ ಹೋಗಿ ಬಾಗಿಲು ತಟ್ತೀನಿ. ಎಲ್ಲಿಂದ ನಿದ್ದೆ ಬರಬೇಕು? ದಿನಕ್ಕೆ 24 ಕ್ರೆಡಿಟ್, ಭಾನುವಾರವೂ ಸೇರಿ.

ಐದು ನಿಮಿಷಕ್ಕೊಮ್ಮೆ ಯಾಕೆ ಬೇಕು?

ಯಾರೋ ಮೀಟಿಂಗಲ್ಲಿ ‘ರಿಯಲ್ ಟೈಮ್’ ಅಂದರು. ಆ ರಿಪೋರ್ಟನ್ನ ನೋಡೋದು ಒಬ್ಬರೇ, ಅದೂ ಸೋಮವಾರ ಬೆಳಗ್ಗೆ, ಪ್ರಿಂಟ್ ತೆಗೆಸಿಕೊಂಡು.

ಇನ್ನೊಂದು ವಿಷಯ ಕೇಳಿ. ಸ್ನೋಫ್ಲೇಕ್‌ನವರ ಗಡಿಯಾರ, ಯಾರೂ ಮುಟ್ಟದೇ ಬಿಟ್ಟರೆ, ಲಾಸ್ ಏಂಜಲೀಸ್ ಸಮಯ ತೋರಿಸುತ್ತೆ. ನಮ್ಮವರು ಮುಟ್ಟಿರಲಿಲ್ಲ. ಏಪ್ರಿಲ್ 1ರ ಬೆಳಗ್ಗೆ ಹತ್ತು ಗಂಟೆಗೆ, ಹೊಸ ಹಣಕಾಸು ವರ್ಷಕ್ಕೆ ಪೂಜೆ ಮಾಡಿಸಿ, ‘ಇವತ್ತಿನ ಮಾರಾಟ ತೋರಿಸು’ ಅಂದರು. ಅಲ್ಲಿನ್ನೂ ಮಾರ್ಚ್ 31ರ ರಾತ್ರಿ ಒಂಬತ್ತೂವರೆ. ಹೋದ ವರ್ಷದ ಕೊನೇ ದಿನದ ಲೆಕ್ಕ ತೋರಿಸಿತು. ಬೋಣಿ ಜೋರಾಗಿದೆ ಅಂತ ಎಲ್ಲರೂ ಚಪ್ಪಾಳೆ ತಟ್ಟಿದರು.

ಕಾನೂನಿನ ತೊಡಕೇನಾದರೂ?

ಆ ಹೆಸರು ಎತ್ತಬೇಡಿ, ನಡುಕ ಬರುತ್ತೆ. ನಮ್ಮ ಬೆಂಗಳೂರಿನ ಯುನೈಟೆಡ್ ಸ್ಪಿರಿಟ್ಸ್‌ನ ಒಡೆಯರು ಡಿಯಾಜಿಯೋ ಇದಾರಲ್ಲ, ಅವರು ತಮ್ಮ ಸ್ಯಾಪ್‌ಗೆ ಸೇಲ್ಸ್‌ಫೋರ್ಸ್ ಮೇಲೆ ಕಟ್ಟಿದ ಎರಡು ಆ್ಯಪ್ ಜೋಡಿಸಿದರು. ಪಕ್ಕದ ಬಾಗಿಲಿಂದ ಒಳಬಂದವರೂ ಟಿಕೆಟ್ ತಗೋಬೇಕು ಅಂತ ಸ್ಯಾಪ್‌ನವರು ಕೋರ್ಟಿಗೆ ಹೋದರು. ಕೇಳಿದ್ದು 5.45 ಕೋಟಿ ಪೌಂಡು. 2017ರಲ್ಲಿ ಲಂಡನ್ನಿನ ಹೈಕೋರ್ಟು, ದುಡ್ಡೆಷ್ಟು ಅನ್ನೋದನ್ನ ಆಮೇಲಕ್ಕಿಟ್ಟು, ಲೈಸೆನ್ಸ್ ಬೇಕು ಅನ್ನೋ ಮಾತಿನಲ್ಲಿ ಸ್ಯಾಪ್ ಪರ ನಿಂತಿತು. ಆಮೇಲೆ 2024ರಲ್ಲಿ ಸ್ಯಾಪ್‌ನವರಿಂದ ಇನ್ನೊಂದು ಚೀಟಿ ಬಂತು. ನಮ್ಮ ಜಾತಿಯ ಎಷ್ಟೋ ಕನೆಕ್ಟರ್‌ಗಳು ಓಡಾಡ್ತಿದ್ದ ಓಡಿಪಿ ಅನ್ನೋ ದಾರಿಯ ಆರ್‌ಎಫ್‌ಸಿ ಬಾಗಿಲನ್ನ ಹೊರಗಿನವರು ಬಳಸೋ ಹಾಗಿಲ್ಲ ಅಂತ. ಡೇಟಾ ಕಂಪನಿಯದ್ದೇ, ಬಾಗಿಲು ಮಾತ್ರ ಅವರದ್ದು. ಇದರಲ್ಲಿ ಬೈಯೋಕೂ ಆಗಲ್ಲ; ಒಪ್ಪಂದದ ಸಣ್ಣ ಅಕ್ಷರ ಓದಿ ಸಹಿ ಹಾಕಿದೋರು ಯಾರಿದಾರೆ?

ಈಗ ಎಐ ಬಂದಿದೆ. ಮಾತಲ್ಲೇ ಕೇಳಿದರೆ ಉತ್ತರ ಕೊಡುತ್ತದಂತೆ. ನಿಮ್ಮ ಕಷ್ಟ ತೀರಿತಲ್ಲ?

ಮೊನ್ನೆ ಎಂಡಿ ಸಾಹೇಬರು ಕೇಳೇ ಕೇಳಿದರು, ಹೋದ ತಿಂಗಳ ಮಾರಾಟ ಎಷ್ಟು ಅಂತ. ಅದು ಒಂದೇ ಉಸಿರಲ್ಲಿ ಒಂದು ಮೊತ್ತ ಹೇಳಿತು. ಸೇಲ್ಸ್‌ನವರು ತಕ್ಷಣ ಎದ್ದು ನಿಂತರು, ‘ಇದು ಕಮ್ಮಿ’. ಅವರಿಗೆ ಆರ್ಡರ್ ಬಂದರೆ ಅದೇ ಮಾರಾಟ. ಡಿಸ್ಪ್ಯಾಚ್‌ನವರಿಗೆ ಲಾರಿ ಗೇಟು ದಾಟಿ ಬಿಲ್ ಆದರೆ ಮಾರಾಟ. ಅಕೌಂಟ್ಸ್‌ನವರಿಗೆ ವಾಪಸ್ ಬಂದ ಪಂಪು ಕಳೆದು, ಜಿಎಸ್‌ಟಿ ಬಿಟ್ಟು, ಲೆಡ್ಜರ್‌ಗೆ ಏರಿದ ಮೇಲೆ. ಮೂರಕ್ಕೂ ಬೇರೆ ಬೇರೆ ಟೇಬಲ್ಲು, ಮೂರನ್ನೂ ಹೊತ್ತು ತಂದವನು ನಾನೇ. ಎಐ ಯಾವುದನ್ನ ಎತ್ತಿಕೊಂಡಿತೋ ಅದರ ಪುಣ್ಯ. ಎರಡು ಗಂಟೆ ಕಿತ್ತಾಡಿ ಕೊನೆಗೆ ಒಮ್ಮತಕ್ಕೆ ಬಂದರು: ಇಂಟಿಗ್ರೇಶನ್ ಸರಿಯಿಲ್ಲ, ಬೇರೆ ಕನೆಕ್ಟರ್ ನೋಡಿ.

ಕೊನೇ ಪ್ರಶ್ನೆ. ನಮ್ಮ ಓದುಗರಿಗಾಗಿ ನೀವೇ ಹೇಳಿಬಿಡಿ. ಹೋದ ತಿಂಗಳ ಮಾರಾಟ ನಿಜವಾಗಿ ಎಷ್ಟು?

ಹೇಳ್ತೀನಿ ಸಾರ್, ಅದಕ್ಕೇನಂತೆ. ನಿಮ್ಮ ಪತ್ರಿಕೆಗೆ ಜಾಹೀರಾತು ಕೊಡೋದು ಸೇಲ್ಸ್‌ನವರೋ, ಅಕೌಂಟ್ಸ್‌ನವರೋ?